ಆಚೆ ಹಾಕಿದ ಎರಡು ಎಲೆ

ಅಬ್ದುಲ್ ಖಾದರ್ ಸಾಬರು ಗಾವಡಗೆರೆಯಿಂದ ಹನ್ನೊಂದು ಗಂಟೆಗೇ ಹುಣಸೂರಿಗೆ ವಾಪಸು ಬಂದರು. ಮೊಪೆಡ್ಡಿನ ಹಿಂದೆ ಅವರದಲ್ಲದ ಒಂದು ಹಿತ್ತಾಳೆ ಕೊಳಗ ಕಟ್ಟಿತ್ತು. ಅದರ ಒಳಮೈ ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು, ಇನ್ನರ್ಧ ಬೆಂಕಿಗೆ ಕಪ್ಪಾಗಿತ್ತು.

ಬಾಗಿಲಲ್ಲಿ ನಿಂತಿದ್ದ ಸೊಸೆ ರುಖಿಯಾ ಮೊದಲು ನೋಡಿದ್ದೇ ಆ ಕೊಳಗವನ್ನು. ಐವತ್ತು ವರ್ಷ ಹಳ್ಳಿಹಳ್ಳಿ ಸುತ್ತಿ ಪಾತ್ರೆಗಳಿಗೆ ಕಲಾಯಿ ಹಾಕಿದ ಮನುಷ್ಯ ಅವಳ ಮಾವ. ತವರ ಕರಗಿ ಪಾತ್ರೆಗೆ ಹತ್ತುತ್ತಿರುವಾಗ ಮಳೆ ಬಿದ್ದರೂ ಕೈ ತೆಗೆದವರಲ್ಲ. ನಡುವೆ ಬಿಟ್ಟರೆ ಹಾಕಿದ್ದನ್ನೆಲ್ಲ ಉಜ್ಜಿ ತೆಗೆದು ಮೊದಲಿನಿಂದ ಶುರು ಮಾಡಬೇಕು. ಆ ಕಸುಬಿನವರು ಯಾರೂ ಮಾಡದ ತಪ್ಪು ಅದು. ಅದೂ ಬೇರೆಯವರ ಪಾತ್ರೆಯನ್ನು ಹಾಗೇ ಕಟ್ಟಿಕೊಂಡು ಬಂದುಬಿಡುವುದು ಅಂದರೆ!

"ಏನಾಯ್ತು? ಜ್ವರಾನಾ?" ಎಂದು ಅತ್ತೆ ಜೈನಾಬಿ ಕೇಳಿದರು.

ಸಾಬರು ಕೊಳಗ ಇಳಿಸಿಟ್ಟು ಒಳಗೆ ಹೋದರು. ಊಟಕ್ಕೂ ಕೂರಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಸೊಸೆಯನ್ನು ಕರೆದರು. ಮನೆಯಲ್ಲಿ ಅವರಾಡುವುದು ದಖ್ಖನಿ. ಆ ಮಾತಿನಲ್ಲಿಯೇ ಕೇಳಿದರು.

"ಬೇಟಿ, ನೀನು ಇತಿಹಾಸ ಓದಿದೋಳು. ನಮ್ಮೋರು ಮುಸಲ್ಮಾನರಾಗಿದ್ದು ಹೇಗೆ?"

"ಯಾಕೆ ಮಾಮು?"

"ಚಲುವರಾಜು ಅಂದ. ಕತ್ತಿನ ಮೇಲೆ ಕತ್ತಿ ಇಟ್ಟು ಕಲಿಮಾ ಓದಿಸಿದರಂತೆ. ಹೆದರಿಕೊಂಡು ಆದ ಜಾತಿಯಂತೆ ನಮ್ಮದು."

ಚಲುವರಾಜು ಗಾವಡಗೆರೆಯ ವಿಮಲಮ್ಮನ ಮೊಮ್ಮಗ. ಹೊಗೆಸೊಪ್ಪು ಬೆಳೆಯುವ ಹುಡುಗ. ಆ ಮನೆಗೂ ಈ ಮನೆಗೂ ಐದು ತಲೆಮಾರಿನ ಹಿಂದೆ ಒಂದೇ ಬೇರು ಅನ್ನುವುದು ಎರಡು ಮನೆಯವರಿಗೂ ಗೊತ್ತಿದ್ದದ್ದೇ. ಆ ಮನೆಯ ಸೋಮಯ್ಯ ಎಂಬುವವನು ದೀನಿಗೆ ಬಂದು ಮುಸಲ್ಮಾನನಾದ, ಅವನಿಂದ ಖಾದರ್ ಸಾಬರ ವಂಶ. ಪಿರಿಯಾಪಟ್ಟಣದ ಕಡೆಯಿಂದ ಒಬ್ಬ ಫಕೀರ ಬಂದಿದ್ದ, ಸೋಮಯ್ಯನಿಗೆ ಕನಸಿನಲ್ಲಿ ಬೆಳಕು ಕಂಡಿತು, ಎದ್ದವನೇ ಹೋಗಿ ಕಲಿಮಾ ಓದಿದ ಎಂದು ಸಾಬರು ತಮ್ಮ ಅಪ್ಪನಿಂದ ಕೇಳಿದ್ದರು. ಮಗ ಅರ್ಷದ್‌ಗೂ ಅದನ್ನೇ ಹೇಳಿದ್ದರು. ಎಪ್ಪತ್ತೆರಡರ ಈ ವಯಸ್ಸಿನವರೆಗೆ ಅವರು ಐದು ಹೊತ್ತು ನಮಾಜಿಗೆ ನಿಂತದ್ದು ಆ ಕನಸಿನ ಮೇಲೆ.

ರುಖಿಯಾ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಮೈಸೂರಿನಲ್ಲಿ ಎಂ.ಎ. ಮಾಡಿ, ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು. ಈ ಪಾಠವನ್ನೂ ಹೇಳಿದ್ದಳು. ಕರಾವಳಿಗೆ ವ್ಯಾಪಾರಿಗಳು ತಂದರು. ಒಳನಾಡಿನಲ್ಲಿ ಸೂಫಿಗಳ ಸುತ್ತ ಜನ ಸೇರಿದರು. ದೊರೆಗಳ ಕೈಕೆಳಗೆ ನೌಕರಿ, ಜಮೀನಿನ ಆಸೆಯೂ ಇತ್ತು. ಬಲವಂತವೂ ನಡೆದದ್ದುಂಟು. ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ಅಡಿಗೆರೆ ಎಳೆದಿದ್ದಳು. ಈಗ ಅದನ್ನೇ ಮಾವನಿಗೆ ಮೆಲ್ಲಗೆ ಹೇಳಿದಳು.

ಸಾಬರು ಪೂರ್ತಿ ಕೇಳಿದರು. "ನಾಲ್ಕು ಕಾರಣ ಅಂದೆ. ಅದರಲ್ಲಿ ನಮ್ಮದು ಯಾವುದು?"

"ಅದು ಪುಸ್ತಕದಲ್ಲಿ ಇರಲ್ಲ ಮಾಮು."

"ನಾಳೆ ಕೊಳಗ ವಾಪಸು ಕೊಡಬೇಕು. ನಾಳೆಯೇ ಅವರ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡ್ತಾರೆ. ನೀನೂ ಬಾ. ಆ ಹುಡುಗನಿಗೆ ಉತ್ತರ ಹೇಳೋಕೆ ನನ್ನ ಹತ್ತಿರ ಮಾತಿಲ್ಲ." ಕೊಳಗದ ಕಡೆ ನೋಡುತ್ತ ಅಂದರು, "ನೀನು ಓದಿದೋಳೂ ಹೌದು, ನಮಾಜು ಬಿಡದೋಳೂ ಹೌದು. ನಿನ್ನ ಮಾತು ನಂಬಬಹುದು."

ರುಖಿಯಾ ತಲೆ ತಗ್ಗಿಸಿದಳು. ನಮಾಜು ಬಿಡದೋಳು.

ಕೊಪ್ಪದ ಹತ್ತಿರ ಮೈಸೂರು–ಮಡಿಕೇರಿ ರಸ್ತೆಯಲ್ಲಿ ಲಾರಿಗೆ ಗಂಡ ಅರ್ಷದನ ಬೈಕು ಸಿಕ್ಕಿ, ಅವನು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಆ ದಿನ ಒಳಕೋಣೆಯಲ್ಲಿ ಸುತ್ತ ಕೂತ ಹೆಂಗಸರು ಅಲ್ಲಾಹನ ಮರ್ಜಿ, ಅಲ್ಲಾಹನ ಮರ್ಜಿ ಎನ್ನುತ್ತಿದ್ದರು. ಅವಳು ಜಗಳವನ್ನೇನೂ ಆಡಲಿಲ್ಲ. ಅತ್ತದ್ದೂ ಕಡಿಮೆ. ಆದರೆ ಮರುದಿನ ಬೆಳಗ್ಗೆ ನಮಾಜಿನ ಚಾಪೆಯ ಮೇಲೆ ನಿಂತಾಗ ಹೇಳುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ. ನಲವತ್ತನೇ ದಿನದ ಹೊತ್ತಿಗೆ ಸರಿಹೋಗುತ್ತದೆ ಅಂದುಕೊಂಡಳು. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕಳೆದರೆ ಸರಿಹೋಗುತ್ತದೆ ಅಂದುಕೊಂಡಳು. ಆಗಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಅತ್ತೆಯ ಪಕ್ಕ ನಿಂತಿದ್ದಾಳೆ, ಬಾಗಿದ್ದಾಳೆ, ಹಣೆ ಇಟ್ಟಿದ್ದಾಳೆ. ತುಟಿ ಅಲ್ಲಾಡಿಸುತ್ತಾಳೆ. ಒಳಗೆ ಒಂದಕ್ಷರವಿಲ್ಲ.

ಇದನ್ನು ಹೇಳಬಹುದಾಗಿದ್ದವನು ಒಬ್ಬನೇ. ಅರ್ಷದ್ ಮರದ ಡಿಪೋದಿಂದ ಬಂದು ಊಟಕ್ಕೆ ಕೂತರೆ, "ಇವತ್ತು ಏನು ಪಾಠ ಮಾಡಿದ್ರಿ ಮೇಡಂ?" ಅನ್ನುವವನು. ಅವಳು ಹೇಳಿದ್ದಕ್ಕೆಲ್ಲ ಬೇಕೆಂದೇ ಉಲ್ಟಾ ವಾದ ಹೂಡುವವನು, ಅವಳು ಇನ್ನಷ್ಟು ಮಾತಾಡಲಿ ಎಂದು. ಈಗ ಅವಳ ಜೊತೆ ವಾದ ಮಾಡುವವರಿಲ್ಲ. ಕೆ.ಆರ್. ನಗರದಿಂದ ಅಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಇನ್ನೂ ಇಪ್ಪತ್ತೊಂಬತ್ತು, ಅಲ್ಲಿ ಎಷ್ಟು ದಿನ ಅಂತ ಇರ್ತೀಯ, ಒಂದು ಒಳ್ಳೇ ಸಂಬಂಧ ಇದೆ, ಫೋಟೋ ಕಳಿಸ್ಲಾ ಎಂದು. ರುಖಿಯಾಗೆ ಈ ಮನೆ ಬೇಕಿತ್ತು. ಅರ್ಷದನ ಅಂಗಿ ನೇತಾಡುವ ಮೊಳೆ ಇಲ್ಲಿದೆ. ಆದರೆ ನಂಬಿಕೆ ಕಳೆದುಕೊಂಡ ವಿಧವೆ ಸೊಸೆಯನ್ನು ಯಾವ ಮನೆ ಇಟ್ಟುಕೊಳ್ಳುತ್ತದೆ?

ಮರುದಿನ ಬೆಳಿಗ್ಗೆ ಮೊಪೆಡ್ಡಿನ ಹಿಂದೆ ಕೊಳಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಗಾವಡಗೆರೆಯ ಆ ಮನೆಯ ಹಿತ್ತಿಲಲ್ಲಿ ಚಲುವರಾಜು ಕಾಯುತ್ತಿದ್ದ. ಸಾಬರನ್ನು ನೋಡಿದವನೇ ಓಡಿಬಂದು ಇದ್ದಲಿನ ಚೀಲ ಇಳಿಸಿಕೊಂಡ.

"ಏನ್ ತಾತ, ನೆನ್ನೆ ಕೊಳಗ ಎತ್ಕೊಂಡು ಓಡೋದ್ರಿ? ಅಜ್ಜಿ ಅಂತೂ ನಂಗೆ ಪೊರಕೇಲಿ ಒಡೆಯದೊಂದ್ ಬಾಕಿ."

"ಒಡೀಬೇಕಿತ್ತು ಕಣ್ಲಾ," ಎನ್ನುತ್ತ ವಿಮಲಮ್ಮ ಸಗಣಿ ಬಕೆಟ್ಟು ಹಿಡಿದು ಹೊರಗೆ ಬಂದಳು. ಎಂಬತ್ತು ದಾಟಿದ ಹೆಂಗಸು, ಬೆನ್ನು ಬಾಗಿತ್ತು. "ಬಾ ಮೈದ. ಇವ್ಳು ಅರ್ಷದನ ಎಂಡ್ತಿ ಅಲ್ವಾ? ಬಾ ಮಗ, ಕೂತ್ಕೊ." ಅವಳು ರುಖಿಯಾಳ ಬರಿದಾದ ಕೈಯನ್ನು ಒಂದು ಸಲ ನೋಡಿದಳು.

ಸಾಬರು ಗುಂಡಿ ತೋಡಿ ಇದ್ದಲು ಸುರಿದು ಬೆಂಕಿ ಮಾಡಿದರು. ರುಖಿಯಾ ಗಾಳಿಚಕ್ರದ ಹಿಡಿ ತಿರುಗಿಸಿದಳು. ಹಿಂದಿನ ದಿನದ ಅರ್ಧ ಕಲಾಯಿಯನ್ನು ಮರಳು ಹಾಕಿ ಉಜ್ಜಿ ತೆಗೆಯುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಚಲುವರಾಜು ಬಚ್ಚಲ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತ. ಸುಮ್ಮನಿರುವ ಜಾಯಮಾನದವನಲ್ಲ.

"ಅಕ್ಕ, ನೀವು ಇಸ್ಟ್ರಿ ಲೆಕ್ಚರರ್ ಅಂತೆ. ನೀವೇ ಯೋಳಿ. ಇಸ್ಲಾಮು ಇಲ್ಲಿ ಎಂಗೆ ಅರಡ್ತು? ಕತ್ತೀಲಿ ತಾನೆ?"

"ಕೆಲವು ಕಡೆ ಕತ್ತಿಯಿಂದಲೂ ಇದೆ," ಎಂದಳು ರುಖಿಯಾ.

ಸಾಬರ ಕೈ ಒಂದು ಗಳಿಗೆ ನಿಂತಿತು.

"ನೋಡುದ್ರಾ ತಾತ! ಅವ್ರೇ ಒಪ್ಕೊಂಡ್ರು."

"ಒಪ್ಪಿದೆ. ಎಲ್ಲರದ್ದೂ ಹಾಗೇ ಅಂತ ಹೇಳಲಿಲ್ಲ. ಮಲಬಾರಿನ ಕಡೆ ಮೆಣಸು ಕೊಳ್ಳೋಕೆ ಬಂದವರಿಂದ ಬಂತು, ಅವರ ಹತ್ತಿರ ಸೈನ್ಯ ಇರಲಿಲ್ಲ. ಸುಲ್ತಾನರು ನೂರಾರು ವರ್ಷ ಆಳಿದ ಎಷ್ಟೋ ಕಡೆ ಇವತ್ತಿಗೂ ಮುಸಲ್ಮಾನರು ಹತ್ತಕ್ಕೆ ಒಬ್ಬರಿಲ್ಲ. ಕತ್ತಿಯೊಂದೇ ಕಾರಣ ಆಗಿದ್ರೆ ಲೆಕ್ಕ ಹೊಂದಲ್ಲ."

"ಲೆಕ್ಚರರ್‌ಗೊಳ್ದು ಇದೇ ಗೋಳು ಕಣಕ್ಕ. ಎಲ್ಡೂ ಕಡೆಗೂ ಮಾರ್ಕ್ಸ್ ಕೊಡ್ತಾರೆ." ಅವನು ನಕ್ಕ. ನಂಜಿನ ನಗೆಯಲ್ಲ. "ನಾನೇನ್ ತಾತನ್ನ ಬೈದ್ನಾ? ನಮ್ಮೋರು ಅಂತ ತಾನೆ ಅಂದಿದ್ದು. ಎದುರ್ಸಿ ಎಳ್ಕೊಂಡೋದ್ರು, ಪಾಪ, ಅವರ ತಪ್ಪೇನು? ಅದ್ಕೇ ಅಜ್ಜಿಗೆ ಯೋಳಿವ್ನಿ, ಈ ಸಲ ಆಚೆ ಎಲೆ ಇಲ್ಲ. ಸೋಮಯ್ಯಂಗೂ ಒಳಗೇ ಎಲೆ. ಎಲ್ಲಾರ ಜತೇಲಿ."

"ಯಾವ ಎಲೆ?" ಎಂದರು ಸಾಬರು.

ಐವತ್ತು ವರ್ಷ ಈ ಮನೆಗೆ ಬಂದವರು ಅವರು, ಆದರೆ ಯಾವಾಗಲೂ ಅಮಾವಾಸ್ಯೆಗೆ ಮುಂಚೆ. ಎಡೆಯ ದಿನ ಬಂದದ್ದು ಇದೇ ಮೊದಲು. ಕೊಳಗ ಕಟ್ಟಿಕೊಂಡು ಹೋಗುವ ತಪ್ಪು ಮಾಡದಿದ್ದರೆ ಇವತ್ತೂ ಬರುತ್ತಿರಲಿಲ್ಲ.

ವಿಮಲಮ್ಮ ಹಿತ್ತಿಲ ಬಾಗಿಲಾಚೆ, ಗೋಡೆಗೆ ಸೇರಿದಂತೆ ಎರಡು ಮೊಳ ಜಾಗವನ್ನು ಸಗಣಿ ಹಾಕಿ ಸಾರಿಸುತ್ತಿದ್ದಳು. ಕೈ ನಿಲ್ಲಿಸದೆ ಅಂದಳು:

"ಈ ಎಲೆ ಕಣ ಮೈದ. ಸೋಮಯ್ಯಂದು ಒಂದು, ಅವನ ಎಂಡ್ತೀದು ಒಂದು. ನಾನು ಈ ಮನೆಗ್ ಬಂದಾಗಿಂದ ಇಲ್ಲೇ ಆಕದು. ನಮ್ಮತ್ತೆ ಅವರತ್ತೇನ ಕಂಡು ಆಕಿದ್ಲು. ಸೋಮಯ್ಯನ ಎಲೆಗೆ ಬಾಡು ಬಡ್ಸಂಗಿಲ್ಲ. ನಾವ್ ಕೊಯ್ದದ್ದು ಅವನಿಗೆ ಆಗಾಕಿಲ್ಲ, ಅದ್ಕೆ. ಸೊಪ್ಪು, ಕಾಳು, ಪಾಯ್ಸ. ಅವಳ ಎಲೆಗೆ ಬಾಡೂ ಬಡಿಸ್ತೀವಿ, ಬಳೆ ಕುಂಕುಮಾನೂ ಮಡಗ್ತೀವಿ."

"ಅದ್ನೇ ನಾನು ಅಂದಿದ್ದು," ಎಂದ ಚಲುವರಾಜು. "ನಮ್ಮೋನ್ನ ನಾಯಿಗ್ ಆಕ್ದಂಗೆ ಆಚೆ ಆಕದು ಯಾಕೆ? ಒಳಗೇ ಆಕು."

"ಒಳಗ್ ಆಕುದ್ರೆ ಉಣ್ಣಾಕಿಲ್ಲ ಅವ್ನು."

"ಯಾಕುಣ್ಣಲ್ಲ?"

ವಿಮಲಮ್ಮ ಬಕೆಟ್ಟು ಬದಿಗಿಟ್ಟು ಗೋಡೆ ಹಿಡಿದು ಕೂತಳು.

"ಪ್ಲೇಗು ಬಂದಿತ್ತಂತೆ ಕಣವ್ವ," ಎಂದು ರುಖಿಯಾಳ ಕಡೆ ತಿರುಗಿ ಹೇಳಿದಳು. "ಊರೋರೆಲ್ಲ ಮನೆ ಬುಟ್ಟು ವೊಲದಲ್ಲಿ ಗುಡ್ಲು ಆಕ್ಕೊಂಡಿದ್ರಂತೆ. ಸೋಮಯ್ಯನ ಎಂಡ್ತಿ ಸತ್ಲು. ಅಣ್ಣ ಇದ್ದ, ಊರು ತುಂಬ ನೆಂಟ್ರಿದ್ರು. ಒಬ್ರೂ ಎಣ ಮುಟ್ಲಿಲ್ಲ. ಒಡುಟ್ಟಿದ ಅಣ್ಣ ಗುಡ್ಲು ತಡಿಕೆ ಬಿಗಿದು ಒಳಗೇ ಕುಂತಿದ್ದ. ಎಲ್ಡು ದಿನ ಮಲಗಿತ್ತಂತೆ ಅಂಗೇ. ಕೆರೆ ಏರಿ ಮ್ಯಾಲೆ ಮೂರು ಜನ ಕಲಾಯಿ ಸಾಬ್ರು ಬಿಡಾರ ಊಡಿದ್ರು. ಅವ್ರು ಬಂದು ಎತ್ತುದ್ರು. ನಮ್ ಪದ್ಧತಿ ಏನು ಅಂತ ಸೋಮಯ್ಯನ್ನೇ ಕೇಳ್ಕೊಂಡು ಅಂಗೇ ಮಣ್ ಮಾಡುದ್ರು. ತಿಥಿ ಮುಗುದ್ ಮ್ಯಾಕೆ ಸೋಮಯ್ಯ ಅವರ ತಿದಿ ವೊತ್ಕೊಂಡು ಅವರ ಇಂದೇನೇ ವೊಂಟೋದ. ಓಗೋವಾಗ ಅಂದ್ನಂತೆ, ಈ ಮನೆ ವೊಸ್ಲೊಳಗೆ ಇನ್ನ ಅನ್ನ ಉಣ್ಣಕಿಲ್ಲ ಅಂತ."

ಗಾಳಿಚಕ್ರ ತಿರುಗಿಸುವುದನ್ನು ರುಖಿಯಾ ಮರೆತಿದ್ದಳು. ಕೆಂಡದ ಮೇಲೆ ಬೂದಿ ಕೂರುತ್ತಿತ್ತು.

"ಪ್ಲೇಗಾ?" ಎಂದ ಚಲುವರಾಜು ಕೊನೆಗೆ. "ಅದು ಯಾವಾಗಕ್ಕ?"

"ಈ ಕಡೆ ಬಂದದ್ದು ನೂರ ಇಪ್ಪತ್ತೈದು ವರ್ಷದ ಹಿಂದೆ. ಆಗ ಮೈಸೂರಲ್ಲಿ ಮಹಾರಾಜರು. ಸುಲ್ತಾನರ ಕಾಲ ಮುಗಿದು ನೂರು ವರ್ಷ ಆಗಿತ್ತು."

"ಅಂಗಾದ್ರೆ ಕತ್ತಿ?"

"ಕತ್ತಿ ಎಲ್ ಬಂತ್ಲಾ?" ಎಂದಳು ವಿಮಲಮ್ಮ. "ಬಾಗ್ಲು ಆಕ್ಕೊಂಡಿದ್ರು ಅಷ್ಟೇಯ. ನಾವೇಯ."

ಚಲುವರಾಜು ತಲೆ ಕೆರೆದುಕೊಂಡ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದಿದ್ದವನು ಕೇಳಲಿಲ್ಲ. ಎದ್ದು ಹೋಗಿ ಬಾಳೆಯ ಗಿಡದಿಂದ ಎಲೆ ಕೊಯ್ದು ತಂದು, ಅದರಲ್ಲಿ ಎರಡನ್ನು ಬೇರೆ ಮಾಡಿ, ಅಜ್ಜಿ ಸಾರಿಸಿದ ಜಾಗದ ಪಕ್ಕ ಇಟ್ಟ.

ರುಖಿಯಾಗೆ ಒಳಗೆ ಏನೋ ಚುರುಕಾಯಿತು. ಬಹಳ ದಿನದ ಮೇಲೆ. ಆ ಎರಡು ಎಲೆಗಳನ್ನು ಅವಳು ಕಾಗದಪತ್ರ ಓದುವ ಹಾಗೆ ಓದಿದಳು. ಬಲವಂತಕ್ಕೆ ಸಿಕ್ಕವನಾಗಿದ್ದರೆ ಒಳಗೆ ಕರೆದು ಅಳುತ್ತಿದ್ದರು. ದ್ರೋಹ ಮಾಡಿದವನಾಗಿದ್ದರೆ ಎಲೆಯನ್ನೇ ಹಾಕುತ್ತಿರಲಿಲ್ಲ. ಬಾಡು ಬಡಿಸದ ಎಲೆ ಅಂದರೆ, ಅವನು ಏನಾದನೋ ಅದನ್ನು ಈ ಮನೆ ಒಪ್ಪಿಕೊಂಡಿತ್ತು. ಇದನ್ನು ಹೇಳಬೇಕು ಎಂದು ತಲೆ ಎತ್ತಿದಳು. ಹೇಳಬೇಕಾದವನು ಇರಲಿಲ್ಲ. ಚುರುಕಾದದ್ದು ಹಾಗೇ ಆರಿತು.

ಮಾವನ ಮುಖ ನೋಡಿದಳು. ಅವರು ಗೆದ್ದವರ ಹಾಗೆ ಕಾಣಲಿಲ್ಲ. ಕಾದ ಕೊಳಗಕ್ಕೆ ನವಸಾಗರದ ಪುಡಿ ಎರಚಿ, ಬಿಳಿ ಹೊಗೆ ಎದ್ದಾಗ ತವರ ಮುಟ್ಟಿಸಿ, ಹತ್ತಿಯಲ್ಲಿ ಸುತ್ತಲೂ ಒರೆಸಿದರು. ಒಂದೇ ಉಸಿರಿಗೆ ಕೆಲಸ ಮುಗಿಸಿದರು. ಊಟಕ್ಕೆ ನಿಲ್ಲಲಿಲ್ಲ.

"ತಾತ, ಕ್ವಾಪ ಮಾಡ್ಕಬ್ಯಾಡಿ," ಎಂದು ಚಲುವರಾಜು ಸಾಮಾನು ಕಟ್ಟಿಕೊಟ್ಟ.

"ಇಲ್ಲ ಕಣಪ್ಪ," ಎಂದರು ಸಾಬರು, ಎತ್ತಲೋ ನೋಡುತ್ತ.

ದಾರಿಯಲ್ಲಿ ಒಂದು ಕೆರೆಯ ಏರಿ ಬಂತು. ಮಧ್ಯಾಹ್ನದ ನಮಾಜಿನ ಹೊತ್ತು. ಸಾಬರು ಗಾಡಿ ನಿಲ್ಲಿಸಿ, ಕೆರೆಯ ನೀರಿನಲ್ಲಿ ಕೈಕಾಲು ಮುಖ ತೊಳೆದು, ಹೊಂಗೆಯ ನೆರಳಲ್ಲಿ ಟವೆಲ್ಲು ಹಾಸಿ ನಿಂತರು. ರುಖಿಯಾ ಗಾಡಿಯ ಪಕ್ಕ ನಿಂತಳು. ಕೈ ಕಟ್ಟಿದವರು ತುಂಬ ಹೊತ್ತು ಹಾಗೇ ನಿಂತರು. ಬಾಗಲಿಲ್ಲ. ಆಮೇಲೆ ಕೈ ಬಿಟ್ಟು ಟವೆಲ್ಲಿನ ಮೇಲೆ ಕೂತುಬಿಟ್ಟರು.

"ಬೇಟಿ, ಬಾ ಇಲ್ಲಿ."

ಅವಳು ಹೋಗಿ ಸ್ವಲ್ಪ ದೂರದಲ್ಲಿ ಕೂತಳು.

"ಕತ್ತಿ ಅಲ್ಲ, ಸರಿ. ಕನಸೂ ಅಲ್ಲವಲ್ಲ. ಅವನು ಅಲ್ಲಾಹನಿಗೋಸ್ಕರ ಹೋಗಲಿಲ್ಲ. ಹೆಣ ಎತ್ತಿದರು ಅಂತ ಹೋದ. ಬೇರೆ ಯಾರಾದರೂ ಎತ್ತಿದ್ದರೆ ಅವರ ಹಿಂದೆ ಹೋಗುತ್ತಿದ್ದ. ಹೇಳು, ಅವನ ಕಲಿಮಾ ಅಲ್ಲಾಹನಿಗೆ ಕಬೂಲ್ ಆಗಿರುತ್ತಾ? ನಾನು ಇಷ್ಟು ವರ್ಷ ನಿಂತದ್ದು ಯಾವುದರ ಮೇಲೆ?"

"ಅದೂ ಒಂದು ಮನೆಯ ಕಥೆ ಮಾಮು. ಐದು ತಲೆಮಾರು ಬಾಯಿಂದ ಬಾಯಿಗೆ ಬಂದದ್ದು. ನಿಮ್ಮ ಕನಸಿನ ಕಥೆಯ ಹಾಗೇ."

"ಲೆಕ್ಚರರ್ ಉತ್ತರ ಬೇಡ. ನಂಬಿದವಳ ಉತ್ತರ ಹೇಳು."

ಕೆರೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಸುಮ್ಮನೆ 'ಆಗಿರುತ್ತೆ ಮಾಮು' ಎನ್ನಬಹುದಿತ್ತು. ಎರಡು ಶಬ್ದ. ಮನೆ ಉಳಿಯುತ್ತಿತ್ತು. ಆದರೆ ನಿನ್ನೆಯಿಂದ ಈ ಮನುಷ್ಯ ಕೇಳುತ್ತಿದ್ದದ್ದು ನಿಜವೊಂದನ್ನೇ.

"ಮಾಮು, ನಾನು ಹದಿನಾಲ್ಕು ತಿಂಗಳಿಂದ ನಮಾಜು ಮಾಡಿಲ್ಲ."

"ದಿನಾ ಮಾಡ್ತೀಯಲ್ಲ?"

"ನಿಲ್ತೀನಿ ಅಷ್ಟೆ. ಅವರು ಹೋದಾಗಿಂದ ಏನೂ ಇಲ್ಲ ಒಳಗೆ. ನನ್ನನ್ನು ಕೇಳಬೇಡಿ."

ಸಾಬರು ಅವಳನ್ನು ನೋಡಲಿಲ್ಲ. ಟವೆಲ್ಲಿನ ಅಂಚಿನ ದಾರ ಎಳೆಯುತ್ತ ಕೂತರು. ರುಖಿಯಾ ಕೆ.ಆರ್. ನಗರದ ಬಸ್ಸಿನ ಬಗ್ಗೆ ಯೋಚಿಸಿದಳು. ಬಟ್ಟೆ ಒಂದು ಟ್ರಂಕಿಗಾಗುತ್ತದೆ. ಪುಸ್ತಕ ಎರಡು ರಟ್ಟಿನ ಡಬ್ಬಿ.

"ಅವರನ್ನ ಯಾರು ಎತ್ತಿದ್ರು ಮಾಮು?" ಎಂದಳು ಇದ್ದಕ್ಕಿದ್ದ ಹಾಗೆ. "ನಾನು ಒಳಗಿದ್ದೆ. ನನಗೆ ಯಾರೂ ಹೇಳಲಿಲ್ಲ."

"ಹತ್ತು ಹೆಜ್ಜೆಗೆ ಹೆಗಲು ಬದಲಾಗುತ್ತಲ್ಲ, ಯಾರು ಅಂತ ಹೇಳಲಿ? ಮಸೀದಿ ಬೀದಿಯವರೆಲ್ಲ. ಡಿಪೋದವರು." ಅವರು ಎಳೆಯುತ್ತಿದ್ದ ದಾರ ಬಿಟ್ಟರು. "ನಾನು ಎತ್ತಲಿಲ್ಲ. ಕಾಲು ಬರಲಿಲ್ಲ ನನಗೆ. ಖಬರಸ್ತಾನದ ತನಕ ಈ ಚಲುವರಾಜು ರಟ್ಟೆ ಹಿಡಿದು ನಡೆಸಿಕೊಂಡು ಬಂದ."

ಇದು ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ಕೂತರು, ನಡುವೆ ಮೂರು ಮೊಳ ಜಾಗ.

ಕೊನೆಗೆ ಸಾಬರೇ ಎದ್ದರು. "ತಾಯಿ ಮನೆಗೆ ಹೋಗಬೇಕು ಅನ್ನಿಸಿದರೆ ಹೇಳು, ನಾನೇ ಬಸ್ಸು ಹತ್ತಿಸ್ತೀನಿ. ಇರಬೇಕು ಅನ್ನಿಸಿದರೆ ಇರು. ಮನೆ ನಿಂದು. ಆದರೆ ಸುಳ್ಳಿಗೆ ನಿಲ್ಲಬೇಡ. ಅದು ನಿನಗೂ ಕಷ್ಟ, ಅವನಿಗೂ ಅವಮಾನ." ಅವನಿಗೆ ಎನ್ನುವಾಗ ಬೆರಳು ಮೇಲೆ ತೋರಿಸಿದರು.

"ಮತ್ತೆ ನೀವು?"

"ನನಗೆ ಬೇರೆ ಗೊತ್ತಿಲ್ಲವಲ್ಲ," ಎಂದರು.

ಮತ್ತೆ ಟವೆಲ್ಲು ನೇರ ಮಾಡಿ ನಿಂತರು. ಈ ಸಲ ಬಾಗಿದರು, ಕೂತರು, ಹಣೆ ಇಟ್ಟರು. ಎಂದಿಗಿಂತ ನಿಧಾನವಾಗಿ. ಅವರು ಏನು ಹೇಳಿಕೊಳ್ಳುತ್ತಿದ್ದಾರೆ, ಕನಸಿಗೆ ಹೇಳುತ್ತಿದ್ದಾರೋ ಹೆಣಕ್ಕೋ, ರುಖಿಯಾಗೆ ತಿಳಿಯುವ ಹಾಗಿರಲಿಲ್ಲ. ಅವಳು ಬಿಸಿಲಲ್ಲಿ ಗಾಡಿ ಹಿಡಿದು ಕಾದಳು.

ಮನೆ ಸೇರಿದಾಗ ಇಳಿಹೊತ್ತಿನ ನಮಾಜಿಗೆ ಕರೆಯುವ ಬಾಂಗ್ ಆಗುತ್ತಿತ್ತು. ಸಾಬರು ಬಾಗಿಲಿಂದಲೇ ಮಸೀದಿಗೆ ಹೋದರು. ಒಳಗೆ ಜೈನಾಬಿ ಎರಡು ಚಾಪೆ ಹಾಸಿದ್ದರು.

"ಬೇಗ ಕೈಕಾಲು ತೊಳೆದು ವಜೂ ಮಾಡಿಕೊಂಡು ಬಾ, ಹೊತ್ತಾಯ್ತು."

"ನಾನು ಬರಲ್ಲ ಮುಮಾನಿ."

"ಮೈಲಿಗೆಯಾ?"

"ಅಲ್ಲ. ಆಗ್ತಿಲ್ಲ ನನ್ನ ಕೈಲಿ. ಬಹಳ ದಿನದಿಂದ ಆಗ್ತಿಲ್ಲ."

ಜೈನಾಬಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯುತ್ತಾರೆ, ಇಲ್ಲ ಅಳುತ್ತಾರೆ ಅಂದುಕೊಂಡಳು ರುಖಿಯಾ. ಮುದುಕಿಯ ಮುಖದಲ್ಲಿ ಇದ್ದದ್ದು ಗಾಬರಿ.

"ಹಾಗಾದರೆ ನಾನು ಹೇಗೆ ಮಾಡಲಿ?" ಎಂದರು. "ಅರ್ಷದ್ ಹೋದ ಮೇಲೆ ನನಗೆ ಲೆಕ್ಕ ನಿಲ್ಲೋದಿಲ್ಲ ಕಣೆ. ಎಷ್ಟು ಸಲ ಎದ್ದು ಕೂತೆ, ಎರಡು ರಕಾತ್ ಆಯಿತೋ ಮೂರೋ ಗೊತ್ತಾಗೋದಿಲ್ಲ. ನಿನ್ನನ್ನು ಕಡೆಗಣ್ಣಲ್ಲಿ ನೋಡಿಕೊಂಡೇ ಮುಗಿಸ್ತಿದ್ದೆ. ನೀನು ಎದ್ದರೆ ಎದ್ದೆ, ಕೂತರೆ ಕೂತೆ."

ರುಖಿಯಾ ಗೋಡೆಗೆ ಒರಗಿದಳು. ಹದಿನಾಲ್ಕು ತಿಂಗಳು. ಐದು ಹೊತ್ತು. ಏನೂ ಇಲ್ಲದ ತನ್ನ ಏಳುವಿಕೆ, ಕೂರುವಿಕೆಯ ಹಿಂದೆ ಒಬ್ಬಳು ನಡೆದು ಬಂದಿದ್ದಳು, ಅದೂ ತನಗೆ ಗೊತ್ತಾಗದ ಹಾಗೆ.

ಅವಳು ಒಂದು ಚಾಪೆಯನ್ನು ಮಡಚಿ ಬದಿಗಿಟ್ಟಳು. ಅಡುಗೆಮನೆಯಿಂದ ಮಣೆ ತಂದು ಅತ್ತೆಯ ಬಲಕ್ಕೆ, ಎರಡು ಮೊಳ ದೂರದಲ್ಲಿ ಹಾಕಿಕೊಂಡು ಕೂತಳು. ಕಾಲು ಚಾಚಿ, ಸೆರಗು ಹೇಗಿತ್ತೋ ಹಾಗೆ.

"ನೀವು ಮಾಡಿ ಮುಮಾನಿ. ನಾನು ಎಣಿಸ್ತೀನಿ."

ಜೈನಾಬಿ ಅನುಮಾನದಿಂದ ಕೈ ಕಟ್ಟಿದರು. ಬಾಗಿದರು. ಎದ್ದರು. ಹಣೆ ಇಟ್ಟರು. ತುಟಿ ಅಲುಗುತ್ತಿತ್ತು. ಮತ್ತೆ ನಿಂತಾಗ ಒಂದು ಗಳಿಗೆ ತಡೆದು, ಕಣ್ಣು ಬಲಕ್ಕೆ ಬಂತು.

"ಎರಡನೆಯದು," ಎಂದಳು ರುಖಿಯಾ.